ಭಾನುವಾರದ ಎಲೆ ಲೆಕ್ಕ

ಯಾರ್ಕ್‌ಷೈರ್ ಪ್ರಾಂತದ ಆಟ್ಲಿ ಎಂಬ ಸಂತೆಯ ಊರಿನಲ್ಲಿ, ವಾರ್ಫ್ ನದಿಯಿಂದ ಕೂಗಳತೆಯ ದೂರದಲ್ಲಿರುವ ಒಂದು ಚಿಕ್ಕ ಭೋಜನಶಾಲೆಗೆ ನನ್ನ ತಂಗಿಯ ಮಗನು ಗುರುವಾರ ಸಂಜೆ ಫೋನು ಮಾಡಿ, ಭಾನುವಾರ ಮಧ್ಯಾಹ್ನಕ್ಕೆ ಮೂರು ಜನಕ್ಕೆ ಮೇಜು ಬೇಕೆಂದು ಕೇಳಿದಾಗ, ಅತ್ತ ಕಡೆಯಿಂದ ಬಂದ ಮೊದಲ ಮಾತು "ಎಷ್ಟು ಗಂಟೆಗೆ?" ಎಂಬುದಾಗಿರದೆ, "ಮೂವರಲ್ಲಿ ದನದ ಮಾಂಸಕ್ಕೆ ಎಷ್ಟು, ಕುರಿಗೆ ಎಷ್ಟು, ಕೋಳಿಗೆ ಎಷ್ಟು, ಸಸ್ಯಾಹಾರಕ್ಕೆ ಎಷ್ಟು?" ಎಂಬುದಾಗಿದ್ದಿತು. ಹೋಟೆಲೆಂದರೆ ಹೋಗಿ ಕುಳಿತ ಮೇಲೆ ಏನೇನಿದೆಯೆಂದು ವಿಚಾರಿಸಿ, ಇದ್ದುದರಲ್ಲಿ ಬೇಕಾದ್ದನ್ನು ತರಿಸಿಕೊಳ್ಳುವ ಸ್ಥಳವೆಂದು ತಿಳಿದಿದ್ದ ನನಗೆ, ಮೂರು ದಿವಸ ಮುಂಚಿತವಾಗಿಯೇ ಊಟದ ಸಂಕಲ್ಪ ಮಾಡಬೇಕಾದ ಈ ಏರ್ಪಾಡು ವಿಚಿತ್ರವಾಗಿ ತೋರಿತಾದರೂ ಅಪರಿಚಿತವಾಗಿ ತೋರಲಿಲ್ಲ. ನಮ್ಮ ಕಡೆ ಶುಭಕಾರ್ಯದ ಮನೆಗೆ ಕಾಲಿಟ್ಟೊಡನೆ ಅಡಿಗೆಯವರು ಕೇಳುವುದೂ ಇದನ್ನೇ ಅಲ್ಲವೆ? "ಎಲೆ ಎಷ್ಟು, ಸ್ವಾಮಿ?" ಎನ್ನುತ್ತಾರೆ; ಎಲೆಯ ಲೆಕ್ಕ ಸಿಕ್ಕದೆ ಅಕ್ಕಿ ಅಳೆಯುವಂತಿಲ್ಲ, ಬೇಳೆ ನೆನೆಸುವಂತಿಲ್ಲ. ಆಟ್ಲಿಯ ಆ ಹೆಂಗಸು ಕೇಳಿದ್ದೂ ಎಲೆಯ ಲೆಕ್ಕವನ್ನೇ.

ಸಂಡೆ ರೋಸ್ಟ್ ಎಂಬುದು ಇಂಗ್ಲಿಷರ ಭಾನುವಾರದ ಮಧ್ಯಾಹ್ನದ ಊಟ. ದನ, ಕುರಿಮರಿ, ಹಂದಿ ಇಲ್ಲವೆ ಕೋಳಿ, ಇವುಗಳಲ್ಲಿ ಒಂದರ ಮಾಂಸವನ್ನು ತುಂಡರಿಸದೆ ಇಡಿಯಾಗಿ ಒಲೆಯೊಳಗಿಟ್ಟು, ಗಂಟೆಗಟ್ಟಲೆ ಕಾಯಿಸಿ, ಹೊರಮೈ ಕಂದುಗಟ್ಟಿದ ಮೇಲೆ ತೆಗೆದು, ಅನಂತರ ಹಾಳೆಯಂತೆ ತೆಳ್ಳಗೆ ಕೊಯ್ದು ಬಡಿಸುವುದು ಅದರ ಪ್ರಧಾನಾಂಗ. ಜೊತೆಗೆ ಕೊಬ್ಬಿನಲ್ಲಿ ಹುರಿದ ಆಲೂಗಡ್ಡೆ, ಕ್ಯಾರೆಟ್ಟು, ಕೋಸು, ಬಟಾಣಿ, ಬಿಳಿಯ ಕ್ಯಾರೆಟ್ಟಿನಂತೆ ಕಾಣುವ ಪಾರ್ಸ್ನಿಪ್ ಎಂಬ ಸಿಹಿಗೆಡ್ಡೆ, ಬೋಗುಣಿಯಾಕಾರದ ಯಾರ್ಕ್‌ಷೈರ್ ಪುಡ್ಡಿಂಗು, ಇವೆಲ್ಲವುಗಳ ಮೇಲೆ ಧಾರಾಳವಾಗಿ ಸುರಿಯುವ ಗ್ರೇವಿ. ದನದ ಮಾಂಸಕ್ಕೆ ಮೂಗಿಗೇರುವ ಘಾಟಿನ ಹಾರ್ಸ್‌ರ್ಯಾಡಿಷ್ ಗೆಡ್ಡೆಯ ಚಟ್ನಿ, ಕುರಿಗೆ ಪುದೀನ, ಹಂದಿಗೆ ಸೇಬಿನ ಗೊಜ್ಜು ಎಂದು ವಿಧಿಸಲ್ಪಟ್ಟಿದ್ದು, ಈ ಜೋಡಿಗಳನ್ನು ಅದಲುಬದಲು ಮಾಡುವುದು ಪಾಯಸಕ್ಕೆ ಗೊಜ್ಜು ಕಲಸಿದಷ್ಟೇ ಅಪಚಾರವೆಂದು ಅಲ್ಲಿಯವರ ಭಾವನೆ. ಆ ತರಕಾರಿಗಳ ಪಟ್ಟಿಯನ್ನು ಕೇಳಿದಾಗ ನನಗೆ ಒಳಗೊಳಗೇ ನಗು ಬಂದಿತು. ನಮ್ಮ ಅನೇಕ ಮನೆಗಳಲ್ಲಿ ಪಿತೃಕಾರ್ಯದ ಅಡಿಗೆಗೆ ಇಂದಿಗೂ ಪ್ರವೇಶವಿಲ್ಲದವುಗಳ ಪಟ್ಟಿಯನ್ನೇ ಯಾರೋ ನಕಲು ಮಾಡಿ ತಂದಂತಿದ್ದಿತು. 1809ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ದಂಡಿನ ದೊರೆಗಳ ನಾಲಗೆಯನ್ನು ತಣಿಸುವುದಕ್ಕಾಗಿ ಊರ ಸುತ್ತಿನ ತೋಟಗಳಲ್ಲಿ ಬೆಳೆಯತೊಡಗಿದ ಈ 'ಇಂಗ್ಲಿಷ್ ತರಕಾರಿ'ಗಳು ನಮ್ಮ ಸಾಂಬಾರಿನೊಳಕ್ಕೂ ಪಲ್ಯದೊಳಕ್ಕೂ ಯಾರ ಅಪ್ಪಣೆಯನ್ನೂ ಕೇಳದೆ ಇಳಿದುಬಿಟ್ಟವಾದರೂ, ಪಿತೃಗಳ ಎಲೆಯನ್ನು ಮಾತ್ರ ಇನ್ನೂ ತಲಪಿಲ್ಲ.

ರೋಸ್ಟ್ ಎಂಬ ಹೆಸರಿನಲ್ಲಿ ಒಂದು ಹಳೆಯ ಸುಳ್ಳು ಅಡಗಿದೆ. ಶೂಲಕ್ಕೆ ಚುಚ್ಚಿ ಬೆಂಕಿಯ ಮುಂದೆ ಸುಟ್ಟ ಮಾಂಸಕ್ಕೆ ಸಂಸ್ಕೃತದಲ್ಲಿ 'ಶೂಲ್ಯ'ವೆಂಬ ಹೆಸರುಂಟಷ್ಟೆ. ಇಂಗ್ಲಿಷರ ರೋಸ್ಟೂ ಮೂಲದಲ್ಲಿ ಶೂಲ್ಯವೇ. ಅಗಲವಾದ ಅಗ್ಗಿಷ್ಟಿಕೆಯ ಎದುರಿಗೆ ಕಬ್ಬಿಣದ ಸಲಾಕೆಯನ್ನು ಅಡ್ಡವಾಗಿ ನಿಲ್ಲಿಸಿ, ಅದಕ್ಕೆ ಪೋಣಿಸಿದ ಮಾಂಸವನ್ನು ಎಡೆಬಿಡದೆ ತಿರುಗಿಸುತ್ತ, ಕೆಳಗೆ ತೊಟ್ಟಿಕ್ಕುವ ನೆಣವನ್ನು ತಟ್ಟೆಯಲ್ಲಿ ಹಿಡಿದು ಮತ್ತೆ ಮತ್ತೆ ಅದರ ಮೇಲೆಯೇ ಸವರುತ್ತ, ಅರ್ಧ ದಿವಸ ಕಾವಲು ಕುಳಿತಿರಬೇಕಾಗಿದ್ದ ಕೆಲಸವದು. ತಿರುಗಿಸುವ ಕರ್ಮ ಮೊದಲು ಯಾವನೋ ಬಡ ಹುಡುಗನ ಪಾಲಿಗಿದ್ದು, ಆಮೇಲೆ ನಾಯಿಯ ಪಾಲಿಗೆ ಬಂದಿತು. ಮೊಂಡುಗಾಲಿನ, ಉದ್ದ ಮೈಯ ಒಂದು ತಳಿಯ ನಾಯಿಯನ್ನು ಗೋಡೆಯಲ್ಲಿ ಎತ್ತರಕ್ಕೆ ಬಿಗಿದ ಮರದ ಚಕ್ರದೊಳಗೆ ಬಿಟ್ಟರೆ, ಅದು ಓಡಿದಷ್ಟು ಹೊತ್ತು ಚಕ್ರ ತಿರುಗುವುದು, ಚಕ್ರ ತಿರುಗಿದಷ್ಟು ಹೊತ್ತು ಸಲಾಕೆ ತಿರುಗುವುದು. ತನ್ನ ಮೂಗಿನ ಕೆಳಗೇ ಬೇಯುತ್ತಿರುವ ಮಾಂಸದ ಕಡೆಗೆ ಓಡಿಯೂ ಓಡಿಯೂ ಒಂದು ಅಂಗುಲವನ್ನೂ ಮುಂದುವರಿಯದ ಆ ಪ್ರಾಣಿಯ ಅವಸ್ಥೆಗಿಂತ ಸಂಸಾರಕ್ಕೆ ಒಪ್ಪುವ ದೃಷ್ಟಾಂತ ನಮ್ಮ ದಾಸರಿಗೂ ಸಿಕ್ಕಿರಲಾರದು. ಯಂತ್ರಗಳು ಬಂದ ಮೇಲೆ ಆ ತಳಿ ಯಾರಿಗೂ ಬೇಡವಾಗಿ, ಹತ್ತೊಂಬತ್ತನೆಯ ಶತಮಾನ ಮುಗಿಯುವಷ್ಟರಲ್ಲಿ ಅಳಿದುಹೋಯಿತು. ವೇಲ್ಸ್ ದೇಶದ ಅಬರ್ಗವೆನ್ನಿಯ ವಸ್ತುಸಂಗ್ರಹಾಲಯದಲ್ಲಿ ವಿಸ್ಕಿ ಎಂಬ ಹೆಸರಿನ ಒಂದೇ ಒಂದು ನಾಯಿ ಹೊಟ್ಟು ತುಂಬಿದ ಶರೀರದಿಂದ ಗಾಜಿನ ಪೆಟ್ಟಿಗೆಯಲ್ಲಿ ಉಳಿದುಕೊಂಡಿದೆ. ಕಬ್ಬಿಣದ ಮುಚ್ಚು ಒಲೆಗಳು ಬಂದು ಮಾಂಸವು ಬಿಸಿಗಾಳಿಯ ಪೆಟ್ಟಿಗೆಯೊಳಗೆ ಬೇಯತೊಡಗಿದಂದಿನಿಂದ ಅದನ್ನು ಬ್ರೆಡ್ಡಿನಂತೆ 'ಬೇಕ್' ಮಾಡಿದ್ದೆಂದು ಹೇಳುವುದೇ ನ್ಯಾಯವಾಗಿದ್ದಿತು. ಆದರೆ ಅಭಿಮಾನದ ಹೆಸರನ್ನು ಯಾರು ಬಿಡುತ್ತಾರೆ?

ಅಭಿಮಾನವೆಂದೆ, ಅದು ಸಣ್ಣದಲ್ಲ. ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚರು ಇಂಗ್ಲಿಷರಿಗೆ 'ರೋಸ್ಬಿಫ್' ಎಂದು ಇಟ್ಟ ಅಡ್ಡಹೆಸರನ್ನು ಇವರು ಬಿರುದಿನಂತೆ ಧರಿಸಿಕೊಂಡರು. ಚಿತ್ರಕಾರ ವಿಲಿಯಂ ಹೋಗಾರ್ತ್ ಫ್ರಾನ್ಸಿನ ಕ್ಯಾಲೆ ಪಟ್ಟಣದ ಹೆಬ್ಬಾಗಿಲನ್ನು ಬರೆದುಕೊಳ್ಳುತ್ತಿದ್ದಾಗ ಗೂಢಚಾರನೆಂದು ಹಿಡಿಯಲ್ಪಟ್ಟು, ಊರಿಗೆ ಮರಳಿದ ಮೇಲೆ 1748ರಲ್ಲಿ ತೀರಿಸಿಕೊಂಡ ಸೇಡಿನ ಚಿತ್ರ ಲಂಡನ್ನಿನ ಟೇಟ್ ಬ್ರಿಟನ್ ಚಿತ್ರಶಾಲೆಯಲ್ಲಿದೆ: ಇಂಗ್ಲಿಷರ ಛತ್ರಕ್ಕೆಂದು ಬಂದ ದನದ ಮಾಂಸದ ಭಾರೀ ತುಂಡನ್ನು ಹೊರಲಾರದೆ ಹೊತ್ತ ಅಡಿಗೆಯವನೊಬ್ಬ, ಅದನ್ನು ಆಸೆಯಿಂದ ಬೆರಳಿಟ್ಟು ನೋಡುವ ಡೊಳ್ಳುಹೊಟ್ಟೆಯ ಸಂನ್ಯಾಸಿ, ಗಂಜಿಯಂಥ ಸೂಪನ್ನೇ ನೆಚ್ಚಿದ ಬಡಕಲು ಸಿಪಾಯಿಗಳು. ಅದೇ ವರ್ಷ ಇಂಗ್ಲೆಂಡನ್ನು ಸಂದರ್ಶಿಸಿದ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಪೇರ್ ಕಾಲ್ಮನು, ಮಾಂಸವನ್ನು ಹದವಾಗಿ ಸುಡುವುದರಲ್ಲಿ ಈ ಜನರನ್ನು ಮೀರಿಸುವವರು ವಿರಳವೆಂದು ಹೊಗಳಿ, ಆ ಉಸಿರಿನಲ್ಲಿಯೇ ಇವರಲ್ಲಿ ಹೆಚ್ಚಿನವರ ಪಾಕವಿದ್ಯೆ ಅದರಿಂದಾಚೆಗೆ ಬಹಳ ದೂರ ಹೋಗುವುದಿಲ್ಲವಾದ್ದರಿಂದ ಆಶ್ಚರ್ಯವೇನೂ ಇಲ್ಲವೆಂದು ಚುಚ್ಚಿದನು.

ಭಾನುವಾರಕ್ಕೂ ಈ ಊಟಕ್ಕೂ ಗಂಟುಬಿದ್ದುದು ಇಗರ್ಜಿಯ ದೆಸೆಯಿಂದ. ಉಪವಾಸದ ಶುಕ್ರವಾರ ಕಳೆದು, ದುಡಿಮೆಯ ಶನಿವಾರ ಕಳೆದು, ಪ್ರಾರ್ಥನೆಗೆ ಹೊರಡುವ ಮುನ್ನ ಮಾಂಸವನ್ನು ಮಂದವಾದ ಕಾವಿಗೊಪ್ಪಿಸಿ ಹೋದರೆ, ಉಪದೇಶ ಎಷ್ಟು ದೀರ್ಘವಾದರೂ ಊಟ ಕೆಡುವುದಿಲ್ಲ; ಬಹುಶಃ ಉಪದೇಶ ದೀರ್ಘವಾದಷ್ಟೂ ಮಾಂಸ ಮೆದುವಾಗುತ್ತಿದ್ದಿತು. ಮನೆಯಲ್ಲಿ ಒಲೆಯೇ ಇಲ್ಲದ ಬಡವರು ಏನು ಮಾಡುತ್ತಿದ್ದರೆಂಬುದು ಇನ್ನೂ ಸ್ವಾರಸ್ಯವಾಗಿದೆ. ಭಾನುವಾರ ಬ್ರೆಡ್ಡು ಸುಡುವುದಕ್ಕೆ ಕಟ್ಟುಪಾಡುಗಳಿದ್ದುದರಿಂದ ಬೇಕರಿಯ ದೊಡ್ಡ ಭಟ್ಟಿ ಬಿಸಿಯಾಗಿಯೇ ಬಿಡುವಾಗಿರುತ್ತಿದ್ದಿತು. ಬೀದಿಯ ಜನರು ತಮ್ಮ ತಮ್ಮ ಮಾಂಸವನ್ನೂ ಆಲೂಗಡ್ಡೆಯನ್ನೂ ಬೋಗುಣಿಯಲ್ಲಿಟ್ಟುಕೊಂಡು ಹೋಗಿ, ನಾಲ್ಕು ಕಾಸು ಕೊಟ್ಟು ಭಟ್ಟಿಯಲ್ಲಿಡಿಸಿ, ಪ್ರಾರ್ಥನೆ ಮುಗಿಸಿ ಬರುತ್ತ ಬೆಂದ ಊಟವನ್ನು ಬಟ್ಟೆ ಮುಚ್ಚಿಕೊಂಡು ಒಯ್ಯುತ್ತಿದ್ದರು. ಡಿಕನ್ಸನು 1843ರಲ್ಲಿ ಪ್ರಕಟಿಸಿದ 'ಎ ಕ್ರಿಸ್‌ಮಸ್ ಕ್ಯಾರಲ್' ಕಥೆಯಲ್ಲಿ ಹಬ್ಬದ ದಿನ ಬೇಕರಿಗಳಿಗೆ ಊಟ ಹೊತ್ತೊಯ್ಯುವ ಬಡವರ ಸಾಲು ಬರುತ್ತದೆ. ಅದೇ ಕಥೆಯ ಕ್ರ್ಯಾಚಿಟ್ ಎಂಬವನ ಮನೆಯ ಬಾತುಕೋಳಿ ಬೆಂದದ್ದೂ ಬೇಕರಿಯವನ ಭಟ್ಟಿಯಲ್ಲಿಯೇ. ಹೀಗಾಗಿ ಭಾನುವಾರದ ಊಟವನ್ನು ಮನೆಯ ಹೊರಗೆ ಬೇಯಿಸಿಕೊಳ್ಳುವುದು ನಿನ್ನೆ ಮೊನ್ನೆಯ ನಾಗರಿಕತೆಯೆಂದು ಮೂಗು ಮುರಿಯುವವರು ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಬೇಕು.

ಆದರೂ ಬೇಯಿಸುವುದು ಎಲ್ಲಿಯಾದರೂ ಆಗಲಿ, ಉಣ್ಣುವುದು ಮಾತ್ರ ಮನೆಯಲ್ಲಿಯೇ ಎಂಬುದು ಬಹುಕಾಲದ ನಿಯಮವಾಗಿದ್ದಿತು. 1945ರ ಡಿಸೆಂಬರಿನಲ್ಲಿ ಜಾರ್ಜ್ ಆರ್ವೆಲ್ಲನು ಪತ್ರಿಕೆಯೊಂದರಲ್ಲಿ ಇಂಗ್ಲಿಷ್ ಅಡಿಗೆಯ ಪರವಾಗಿ ವಕಾಲತ್ತು ವಹಿಸಿ ಬರೆದಾಗ, ಹೊರಗಿನವರಿಗೆ ಈ ಅಡಿಗೆಯ ರುಚಿ ತಿಳಿಯದಿರುವುದಕ್ಕೆ ಅದು ಗೃಹಸ್ಥರ ಮನೆಗಳಲ್ಲಲ್ಲದೆ ಹೋಟೆಲುಗಳಲ್ಲಿ ಸಿಕ್ಕದಿರುವುದೇ ಕಾರಣವೆಂದೂ, ಒಳ್ಳೆಯ ಯಾರ್ಕ್‌ಷೈರ್ ಪುಡ್ಡಿಂಗು ಬೇಕಾದವನು ಹೋಟೆಲಿಗಿಂತ ಕಡುಬಡವನ ಮನೆಗೆ ಹೋಗುವುದು ಲೇಸೆಂದೂ ಹೇಳಿದನು. ಆ ಹೊತ್ತಿಗೆ ಮನೆಗಳಲ್ಲಿಯೂ ಕಷ್ಟವೇ ಇದ್ದಿತು. 1940ರ ಮಾರ್ಚಿನಲ್ಲಿ ಆರಂಭವಾದ ಮಾಂಸದ ರೇಷನ್ನು ಯುದ್ಧ ಮುಗಿದು ಒಂಬತ್ತು ವರ್ಷ ಕಳೆದ ಮೇಲೆ, 1954ರ ಜುಲೈ 4ರಂದು ಕೊನೆಗೊಂಡಿತು. ತೂಕದಿಂದಲ್ಲದೆ ಬೆಲೆಯಿಂದ ಅಳೆದು, ಮೊದಮೊದಲು ತಲೆಗೆ ವಾರಕ್ಕೆ 1 ಷಿಲಿಂಗು 10 ಪೆನ್ಸಿನಷ್ಟು ಮಾತ್ರ ಕೊಡುತ್ತಿದ್ದರು. ಮನೆಮಂದಿಯ ಚೀಟಿಗಳನ್ನೆಲ್ಲ ಒಟ್ಟುಗೂಡಿಸಿ ಭಾನುವಾರಕ್ಕೊಂದು ತುಂಡನ್ನು ಸಂಪಾದಿಸುತ್ತಿದ್ದ ಗೃಹಿಣಿಯರ ಜಾಣತನ ಆ ಹದಿನಾಲ್ಕು ವರ್ಷಗಳಲ್ಲಿ ಈ ಊಟವನ್ನು ಉಳಿಸಿತು. ಆ ಗೃಹಿಣಿಯ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಎಲ್ಲರಿಗೂ ವಿರಾಮದ ದಿನವಾದ ಭಾನುವಾರದಂದು ಬೆಳಗಿನಿಂದ ಮೂರು ಗಂಟೆಯವರೆಗೂ ಒಲೆಯ ಮುಂದೆ ನಿಂತಿರುತ್ತಿದ್ದವಳು ಅವಳೊಬ್ಬಳೇ. ಹೆಂಗಸರು ಹೊರಗೆ ದುಡಿಯತೊಡಗಿ, ಮನೆಗಳು ಚಿಕ್ಕವಾಗಿ, ಇಬ್ಬರಿಗೋಸ್ಕರ ಇಡೀ ತುಂಡು ಕಾಯಿಸುವುದು ಅರ್ಥವಿಲ್ಲದ್ದಾದಂತೆಲ್ಲ, ಅವಳು ಏಪ್ರನ್ನನ್ನು ಬಿಚ್ಚಿ ಗೂಟಕ್ಕೆ ಹಾಕಿ, "ಹೊರಗೇ ಹೋಗೋಣ" ಎಂದದ್ದು ಯಾರಿಗೂ ಆಕ್ಷೇಪಾರ್ಹವಾಗಿ ಕಾಣಬಾರದು. ಕಾನೂನೂ ಹಿಂದೆ ಬಂದಿತು: ಭಾನುವಾರ ಮಧ್ಯಾಹ್ನ ಮೂರಕ್ಕೆ ಬಾಗಿಲು ಹಾಕಲೇಬೇಕಾಗಿದ್ದ ಇಂಗ್ಲೆಂಡಿನ ಪಬ್ಬುಗಳು 1995ರ ಬಳಿಕ ಇಡೀ ಮಧ್ಯಾಹ್ನ ತೆರೆದಿರತಕ್ಕ ಹಕ್ಕನ್ನು ಪಡೆದು, ಭಾನುವಾರದ ಊಟಕ್ಕೆ ಸಾವಕಾಶ ದೊರಕಿತು.

ನಾವು ಹೋದದ್ದು ಫೆಬ್ರವರಿಯ ಒಂದು ಭಾನುವಾರ. ಆಟ್ಲಿಯು ಲೀಡ್ಸ್ ನಗರದಿಂದ ಹತ್ತು ಹನ್ನೆರಡು ಮೈಲಿ ದೂರ. ಷೆವಿನ್ ಎಂಬ ದಿಣ್ಣೆಯ ಅಡಿಯಲ್ಲಿ, ಹೊಗೆಯಿಂದ ಕಪ್ಪಡರಿದ ಮರಳುಗಲ್ಲಿನ ಮನೆಗಳು ಮಳೆಯಲ್ಲಿ ನೆನೆಯುತ್ತ ನಿಂತಿದ್ದವು. ಪತ್ರಿಕೆಗೆ ಬರೆಯುವವನಾದುದರಿಂದ, ವಾರ್ಫ್‌ಡೇಲ್ ಎಂಬ ಪ್ರಸಿದ್ಧ ಮುದ್ರಣಯಂತ್ರ 1858ರಲ್ಲಿ ರೂಪುಗೊಂಡದ್ದು ಈ ಊರಿನಲ್ಲಿಯೇ ಎಂಬುದನ್ನು ನೆನೆದು ಮನಸ್ಸಿನಲ್ಲಿಯೇ ಒಂದು ನಮಸ್ಕಾರ ಸಲ್ಲಿಸಿದೆನು. ಕುರ್ಚಿ ಮೇಜುಗಳಿಗೆ ಲೋಕವಿಖ್ಯಾತವಾದ ಹೆಸರು ಕೊಟ್ಟ ಬಡಗಿ ಥಾಮಸ್ ಚಿಪ್ಪೆಂಡೇಲ್ 1718ರಲ್ಲಿ ಹುಟ್ಟಿದ್ದೂ ಇಲ್ಲಿಯೇ; ಆತನ ಊರಿನ ಈ ಭೋಜನಶಾಲೆಯಲ್ಲಾದರೋ ಒಂದರಂತೆ ಇನ್ನೊಂದಿಲ್ಲದ ಹಳೆಯ ಕುರ್ಚಿಗಳಿದ್ದು, ನನಗೆ ದೊರೆತುದರ ಒಂದು ಕಾಲು ಗಿಡ್ಡವಾಗಿತ್ತು. ಗಂಡ ಒಳಗೆ ಅಡಿಗೆ, ಹೆಂಡತಿ ಹೊರಗೆ ಉಪಚಾರ, ಬಡಿಸುವುದಕ್ಕೆ ಕಾಲೇಜು ಓದುವ ಇಬ್ಬರು ಹುಡುಗಿಯರು, ಪಾತ್ರೆ ತೊಳೆಯಲು ಒಬ್ಬ ಹುಡುಗ, ಇಷ್ಟೇ ಸಿಬ್ಬಂದಿ. ಮೂವತ್ತು ಜನ ಕೂರಬಹುದಾದ ಜಾಗದಲ್ಲಿ ಹನ್ನೆರಡೂವರೆಗೊಂದು ಪಂಕ್ತಿ, ಎರಡೂವರೆಗೊಂದು ಪಂಕ್ತಿ. ಗೋಡೆಯ ಮೇಲಿನ ಕರಿಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದ ನಾಲ್ಕೇ ಸಾಲು.

ಅರ್ಧ ಗಂಟೆ ಮುಂಚಿತವಾಗಿಯೇ ಹೋಗಿದ್ದ ನಮ್ಮನ್ನು, ಅದರಲ್ಲೂ ಗೋಡೆಯ ಕಿಂಡಿಯಿಂದ ಒಳಗೆ ಇಣಿಕುತ್ತಿದ್ದ ನನ್ನನ್ನು ಕಂಡು, ಅಡಿಗೆಯವನು ಸಿಡುಕದೆ ಬಾಗಿಲ ಬಳಿ ನಿಂತು ನೋಡುವುದಕ್ಕೆ ಅಪ್ಪಣೆಯಿತ್ತನು. ಊರಿನ ಕಸಾಯಿಯವನಲ್ಲಿ ಇಪ್ಪತ್ತೆಂಟು ದಿನ ತಣ್ಣನೆಯ ಕೋಣೆಯಲ್ಲಿ ತೂಗಹಾಕಿ ಹಣ್ಣಾಗಿಸಿದ, ಪಕ್ಕೆಲುಬಿನ ಸಹಿತವಾದ ದೊಡ್ಡ ತುಂಡೊಂದು ಆಗತಾನೆ ಒಲೆಯಿಂದ ಹೊರಬಂದು ಹಲಗೆಯ ಮೇಲಿದ್ದಿತು. ಮೂಳೆಯೊಡನೆ ದನದ ಮಾಂಸವನ್ನು ಮಾರುವುದನ್ನು ಬ್ರಿಟನ್ನಿನ ಸರಕಾರ ಹುಚ್ಚು ಹಸುವಿನ ರೋಗದ ಭಯದಿಂದ 1997ರ ಡಿಸೆಂಬರಿನಿಂದ ಎರಡು ವರ್ಷ ನಿಷೇಧಿಸಿದ್ದ ಕಾಲವನ್ನು ಆತ ನೆನಪಿಸಿಕೊಂಡು ತಲೆಯಾಡಿಸಿದನು. ಹಲಗೆಯ ಮೇಲಿನ ಆ ತುಂಡನ್ನು ಈಗಲೇ ಕೊಯ್ಯಕೂಡದು. ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಹೊರಮೈಯ ಕಾವು ಒಳಕ್ಕಿಳಿದು ರಸವು ನೆಲೆಗೊಳ್ಳುವುದು, ಅವಸರಪಟ್ಟು ಕತ್ತಿಯಿಟ್ಟರೆ ರಸವೆಲ್ಲ ಹಲಗೆಯ ಪಾಲಾಗುವುದು. ಈ ಅರ್ಧ ಗಂಟೆಯಲ್ಲಿಯೇ ಇಡೀ ಊಟದ ಯುಕ್ತಿ ಅಡಗಿರುವುದನ್ನು ನಾನು ಅಲ್ಲಿ ನಿಂತು ಕಂಡೆನು. ಮಾಂಸಕ್ಕೆ ಬೇಕಾದ ಕಾವು ಮಂದವಾದುದು, ಪುಡ್ಡಿಂಗಿಗೆ ಬೇಕಾದುದು ಉಗ್ರವಾದುದು, ಒಲೆಯೋ ಒಂದೇ. ಮಾಂಸವು ವಿಶ್ರಮಿಸುವ ಹೊತ್ತಿನಲ್ಲಿ ಒಲೆಯನ್ನು 220 ಡಿಗ್ರಿಗೆ ಏರಿಸಿ ಪುಡ್ಡಿಂಗನ್ನು ಒಳಗಿಡುತ್ತಾರೆ. ಒಂದರ ವಿರಾಮ ಇನ್ನೊಂದರ ಮುಹೂರ್ತ.

ಆ ಪುಡ್ಡಿಂಗನ್ನು ಸಿಹಿಯೆಂದು ಭ್ರಮಿಸಬಾರದು. ಮೈದಾ, ಹಾಲು, ಮೊಟ್ಟೆ ಮೂರನ್ನೂ ಸಮಸಮವಾಗಿ ಅಳೆದು ಉಪ್ಪು ಹಾಕಿ ಕದಡಿ, ನೀರುದೋಸೆಯ ಹಿಟ್ಟಿಗಿಂತ ಒಂದಿಷ್ಟು ಗಟ್ಟಿಯಾಗಿ ಮಾಡಿಟ್ಟಿದ್ದ ಹಿಟ್ಟನ್ನು ಆತನು ಹೂಜಿಯಲ್ಲಿ ಸಿದ್ಧವಾಗಿಟ್ಟುಕೊಂಡಿದ್ದನು. ಹನ್ನೆರಡು ಗುಳಿಗಳಿದ್ದ, ನಮ್ಮ ಪಡ್ಡಿನ ಕಾವಲಿಯ ದೊಡ್ಡಣ್ಣನಂತಿದ್ದ ತಗಡಿನ ತಟ್ಟೆಯನ್ನು ಒಲೆಯಿಂದ ಎಳೆದಾಗ ಗುಳಿಗಳೊಳಗಿನ ಎಣ್ಣೆ ಹೊಗೆಯಾಡುತ್ತಿದ್ದಿತು. ಹಿಟ್ಟು ಬೀಳುತ್ತಲೇ ಚುಂಯ್ ಎಂದು ಅಂಚು ಹಿಡಿಯಿತು. ಮರುಕ್ಷಣವೇ ಬಾಗಿಲು ಮುಚ್ಚಿತು. ಇನ್ನು ಇಪ್ಪತ್ತು ನಿಮಿಷ ಸಾಕ್ಷಾತ್ ದೊರೆಯೇ ಬಂದರೂ ಆ ಬಾಗಿಲನ್ನು ತೆರೆಯುವಂತಿಲ್ಲ. ಪೂರಿ ಉಬ್ಬುವುದಕ್ಕೂ ಇದು ಉಬ್ಬುವುದಕ್ಕೂ ಕಾರಣ ಒಂದೇ: ಹಿಟ್ಟಿನಲ್ಲಿನ ನೀರು ಹಠಾತ್ತನೆ ಆವಿಯಾಗಿ ಮೇಲಕ್ಕೆತ್ತುತ್ತದೆ, ಮೊಟ್ಟೆಯು ಗೋಡೆಗಳನ್ನು ಗಟ್ಟಿಗೊಳಿಸುವುದಕ್ಕೆ ಮುನ್ನ ತಣ್ಣನೆಯ ಗಾಳಿ ನುಗ್ಗಿದರೆ ಕುಸಿಯುತ್ತದೆ. ಸಲಾಕೆಯ ಕಾಲದಲ್ಲಿ ಮಾಂಸದಡಿಯ ತಟ್ಟೆಗೆ ಹಿಟ್ಟು ಸುರಿದು, ತೊಟ್ಟಿಕ್ಕುವ ನೆಣದಲ್ಲಿ ಇದನ್ನು ಬೇಯಿಸುತ್ತಿದ್ದರು. ಯಾರ್ಕ್‌ಷೈರಿನ ಹೆಸರಿನಿಂದ ಇದನ್ನು ಪ್ರಸಿದ್ಧಿಗೆ ತಂದದ್ದು ಹ್ಯಾನಾ ಗ್ಲಾಸ್ ಎಂಬಾಕೆ 1747ರಲ್ಲಿ ತನ್ನ ಹೆಸರನ್ನು ಹಾಕದೆ ಅಚ್ಚು ಹಾಕಿಸಿದ ಪಾಕಗ್ರಂಥ. ಮಾಂಸ ದುಬಾರಿಯಾದ ಮನೆಗಳಲ್ಲಿ ಮೊದಲು ಪುಡ್ಡಿಂಗನ್ನೂ ಗ್ರೇವಿಯನ್ನೂ ಬಡಿಸಿ, ಮಕ್ಕಳ ಹೊಟ್ಟೆ ಮುಕ್ಕಾಲು ತುಂಬಿದ ಮೇಲೆ ಮಾಂಸವನ್ನು ತರುತ್ತಿದ್ದರಂತೆ. ರಾಗಿಮುದ್ದೆಯ ಗಾತ್ರವನ್ನು ಹಿಗ್ಗಿಸಿ ಸಾರಿನ ತುಂಡನ್ನು ಕುಗ್ಗಿಸುವ ವಿದ್ಯೆಯನ್ನು ಬಲ್ಲ ನಮ್ಮ ಅವ್ವಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. 2008ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಎಂಬ ರಸಾಯನಶಾಸ್ತ್ರ ಸಂಸ್ಥೆಯು ನಾಲ್ಕು ಅಂಗುಲಕ್ಕಿಂತ ಗಿಡ್ಡವಾದುದನ್ನು ಯಾರ್ಕ್‌ಷೈರ್ ಪುಡ್ಡಿಂಗೆಂದು ಕರೆಯತಕ್ಕದ್ದಲ್ಲವೆಂದು ಘೋಷಿಸಿತು. ನಮ್ಮ ಮೇಜಿಗೆ ಬಂದುವು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುವಷ್ಟು ಎತ್ತರವಿದ್ದುವು. "ಮಾವ, ಅದರಲ್ಲಿ ಮೊಟ್ಟೆ ಇದೆ, ನೋಡಿಕೊಳ್ಳಿ," ಎಂದು ತಂಗಿಯ ಮಗನ ಹೆಂಡತಿಯಾದ ಸೊಸೆ ಎಚ್ಚರಿಸಿದಳು. ಬೆಂಗಳೂರಿನ ಬೇಕರಿಗಳಲ್ಲಿ ಕೇಕಿನ ಗೋತ್ರವನ್ನು ವಿಚಾರಿಸದೆ ತಿಂದು ಬೆಳೆದವನು ಈ ವಯಸ್ಸಿನಲ್ಲಿ ಮಡಿ ನಟಿಸುವುದು ಸರಿಯಲ್ಲವೆಂದು ಅರ್ಧವನ್ನು ಮುರಿದುಕೊಂಡು ಇನ್ನರ್ಧವನ್ನು ಸೋದರಳಿಯನ ತಟ್ಟೆಗೆ ದಾಟಿಸಿದೆನು.

ಆಲೂಗಡ್ಡೆಯ ವಿಷಯದಲ್ಲಿ ಆ ಅಡಿಗೆಯವನು ವೈದಿಕನಷ್ಟೇ ಕಟ್ಟುನಿಟ್ಟು. ಮಾರಿಸ್ ಪೈಪರ್ ಎಂಬ ಜಾತಿಯದೇ ಆಗಬೇಕು. ಸಿಪ್ಪೆ ತೆಗೆದು, ಉಪ್ಪುನೀರಿನಲ್ಲಿ ಅಂಚು ಕರಗುವವರೆಗೆ ಬೇಯಿಸಿ, ನೀರು ಬಸಿದು, ಪಾತ್ರೆಗೆ ಮುಚ್ಚಳವಿಟ್ಟು ಗಡಗಡನೆ ಕುಲುಕಬೇಕು. ಹಾಗೆ ಕುಲುಕಿದಾಗ ಮೈಯೆಲ್ಲ ತರಚಿ ರವೆ ಹೊರಳಿಸಿದಂತಾಗುತ್ತದೆ. ಆ ತರಚಿದ ಮೈಯೇ ಕಾದ ಕೊಬ್ಬಿನಲ್ಲಿ ಮುಕ್ಕಾಲು ಗಂಟೆಯಲ್ಲಿ ಗರಿಗರಿಯಾದ ಕವಚವಾಗುತ್ತದೆ. ದೋಸೆ ಕೆಂಪಾಗುವುದಕ್ಕೂ ಮಾಂಸ ಕಂದಾಗುವುದಕ್ಕೂ ಹಿಂದಿರುವ ರಾಸಾಯನಿಕ ಕ್ರಿಯೆಯನ್ನು 1912ರಲ್ಲಿ ಮೊದಲು ವಿವರಿಸಿದವನು ಲೂಯಿ ಕಮೀಯ್ ಮಾಯಾರ್ ಎಂಬ ಫ್ರೆಂಚನು. ರೋಸ್ಟಿನ ರಹಸ್ಯವನ್ನು ಬಿಡಿಸುವ ಯೋಗ ಒಬ್ಬ ಫ್ರೆಂಚನಿಗೆ ಒದಗಿದುದನ್ನು ಹೋಗಾರ್ತ್ ಬದುಕಿದ್ದರೆ ಸಹಿಸುತ್ತಿದ್ದನೋ ಇಲ್ಲವೋ. ಮಾಂಸಾಹಾರಿಗಳ ಆಲೂಗಡ್ಡೆ ದನದ ನೆಣದಲ್ಲಿಯೂ ನಮ್ಮದು ಸಸ್ಯದ ಎಣ್ಣೆಯಲ್ಲಿ ಬೇರೆ ತಟ್ಟೆಯಲ್ಲಿಯೂ ಬೇಯುತ್ತಿದ್ದಿತು. ನಮ್ಮ ತಟ್ಟೆಗೆ ಹಸಿರು ಹಿಡಿಯ ಇಕ್ಕುಳ ಬೇರೆ.

ನನ್ನ ಮತ್ತು ಸೊಸೆಯ ಪಾಲಿಗೆ ಬಂದುದು ನಟ್ ರೋಸ್ಟ್. ಅಖ್ರೋಟು, ಚೆಸ್ಟ್‌ನಟ್, ಅಣಬೆ, ಈರುಳ್ಳಿ, ಬ್ರೆಡ್ಡಿನ ಪುಡಿ, ಸೇಜ್ ಸೊಪ್ಪು ಇವುಗಳನ್ನು ಕಲಸಿ ಇಟ್ಟಿಗೆಯಾಕಾರದಲ್ಲಿ ಬೇಯಿಸಿ ಹೋಳು ಮಾಡಿದ್ದು. ಸಸ್ಯಾಹಾರಿಯ ಮೇಲಿನ ಕರುಣೆಯಿಂದ ಹುಟ್ಟಿದ ಭಕ್ಷ್ಯವೆಂದು ಇದನ್ನು ಹಾಸ್ಯ ಮಾಡುವುದುಂಟು; ನಾನು ಬೇರೆಡೆಯಲ್ಲಿ ತಿಂದ ಕೆಲವು ಆ ಹಾಸ್ಯಕ್ಕೆ ಅರ್ಹವೇ ಆಗಿದ್ದುವು. ಇದು ಹಾಗಿರಲಿಲ್ಲ. ಸಸ್ಯಾಹಾರವು ಆ ದೇಶಕ್ಕೆ ನಾವು ಕೊಂಡುಹೋದ ಪದ್ಧತಿಯೂ ಅಲ್ಲ. ಅವರ ಸಸ್ಯಾಹಾರಿ ಸಂಘ 1847ರಲ್ಲಿಯೇ ರಾಮ್ಸ್‌ಗೇಟಿನಲ್ಲಿ ಸ್ಥಾಪಿತವಾಗಿದ್ದು, ಲಂಡನ್ನಿನಲ್ಲಿ ಕಾನೂನು ಓದಲು ಹೋಗಿ ಹೊಟ್ಟೆಗಿಲ್ಲದೆ ಅಲೆದ ಗಾಂಧೀಜಿಯವರು ಫ್ಯಾರಿಂಗ್‌ಡನ್ ಬೀದಿಯ ಸಸ್ಯಾಹಾರಿ ಹೋಟೆಲೊಂದನ್ನು ಕಂಡು ಹಿಗ್ಗಿ, ಮುಂದೆ ಲಂಡನ್ನಿನ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಯ ಸದಸ್ಯರೂ ಆದರು. ಗ್ರೇವಿ ಮಾತ್ರ ನನಗೆ ಸೋಜಿಗವೆನಿಸಿತು. ಈರುಳ್ಳಿಯನ್ನೂ ಅಣಬೆಯನ್ನೂ ಕರಿಕಾಗುವ ಅಂಚಿನವರೆಗೆ ಹುರಿದು, ಆಲೂಗಡ್ಡೆ ಬೆಂದ ನೀರನ್ನೇ ಹೊಯ್ದು, ತಳ ಹಿಡಿದುದನ್ನೆಲ್ಲ ಮರದ ಸೌಟಿನಿಂದ ಕೆರೆದು ಕುದಿಸಿದ್ದು. ಬಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವ ಮನೆಯಿಂದ ಬಂದವನಿಗೆ ಅದರ ನ್ಯಾಯ ಕೂಡಲೇ ತಿಳಿಯಿತು.

ಮೂರು ಗಂಟೆಯ ಹೊತ್ತಿಗೆ ಗದ್ದಲ ಕಡಮೆಯಾದಾಗ ಯಜಮಾನಿತಿಯು ನಮ್ಮ ಮೇಜಿನ ಬಳಿ ಬಂದು ನಿಂತು ತನ್ನ ಲೆಕ್ಕವನ್ನು ಹೇಳಿದಳು. ಬೇರೆ ದಿವಸಗಳಲ್ಲಿ ಗಿರಾಕಿ ಕೇಳಿದ ಮೇಲೆ ಒಲೆ ಹೊತ್ತಿಸಿದರೂ ನಡೆಯುತ್ತದೆ, ಭಾನುವಾರ ಹಾಗಲ್ಲ. ಬೆಳಿಗ್ಗೆ ಏಳಕ್ಕೆ ಒಲೆಗಿಟ್ಟದ್ದಕ್ಕೆ ಮಧ್ಯಾಹ್ನ ಇನ್ನೊಂದು ಹಿಡಿ ಸೇರಿಸುವಂತಿಲ್ಲ, ಉಳಿದದ್ದನ್ನು ಮತ್ತೆ ಹಸಿಯಾಗಿಸುವಂತಿಲ್ಲ. ಕಾಯುವಾಗಲೇ ಮಾಂಸ ಕಾಲು ಭಾಗದಷ್ಟು ತೂಕವನ್ನು ಕಳೆದುಕೊಳ್ಳುತ್ತದೆ. ಬಿಲ್ಲಿನ ಮೇಲೆ ಶೇಕಡ 20ರ ತೆರಿಗೆ ಸರಕಾರಕ್ಕೆ. ಉಳಿದುದರಲ್ಲಿ ಬಾಡಿಗೆ, ಸಂಬಳ, ಗ್ಯಾಸು. ಆ ಸೀಮೆಯಲ್ಲಿ ಹತ್ತಾರು ಊರುಗಳಲ್ಲಿ ಶಾಖೆಗಳುಳ್ಳ ದೊಡ್ಡ ಕಂಪನಿಯ ಹೋಟೆಲುಗಳಿವೆ. ಅಲ್ಲಿ ಪುಡ್ಡಿಂಗು ಶೀತಲಪೆಟ್ಟಿಗೆಯಿಂದ ಬರುತ್ತದೆ, ಗ್ರೇವಿ ಪುಡಿಯಿಂದ ಬರುತ್ತದೆ, ಯಾವಾಗ ಹೋದರೂ ಇಲ್ಲವೆನ್ನುವುದಿಲ್ಲ, ಬೆಲೆಯೂ ಅಗ್ಗ. ಅವುಗಳನ್ನು ಆಕೆ ಹಳಿಯಲಿಲ್ಲ. ಆಕೆಯ ದೂರೆಲ್ಲ ಮೇಜು ಹೇಳಿಟ್ಟು ಬಾರದವರ ಮೇಲೆ. ಹಿಂದಿನ ಭಾನುವಾರ ಎಂಟು ಮಂದಿಯ ಒಂದು ಕುಟುಂಬ ಸುದ್ದಿಯನ್ನೂ ಹೇಳದೆ ತಪ್ಪಿಸಿಕೊಂಡಿತಂತೆ. "ಎಂಟು!" ಎಂದು ಎರಡು ಸಲ ಹೇಳಿದಳು. ಎಂಟೆಲೆ ಹಾಸಿ ಬಡಿಸಿ ನೆಂಟರ ದಾರಿ ಕಾದ ಮನೆಯೊಡತಿಯ ಮುಖವನ್ನು ಕಂಡವರಿಗೆ ಆ ಮುಖ ಹೊಸದಲ್ಲ. ಹೋಟೆಲಿನವಳಿಗೆ ನಷ್ಟವಾದಾಗ ಸಿಟ್ಟು ಬರುವುದು ಸಹಜ. ಆಕೆಗೆ ಬಂದುದು ಸಿಟ್ಟಿಗಿಂತ ಹೆಚ್ಚಾಗಿ ಅವಮಾನ. ವಾರದ ಆರು ದಿವಸ ಹೋಟೆಲಾಗಿರುವ ಆ ಮನೆ ಏಳನೆಯ ದಿವಸ ಮನೆಯೇ ಆಗಿಬಿಡುವುದೆಂಬ ನನ್ನ ಅನುಮಾನ ಆಗ ದೃಢವಾಯಿತು. ಆರ್ವೆಲ್ಲನು ಯಾರ್ಕ್‌ಷೈರ್ ಪುಡ್ಡಿಂಗಿಗಾಗಿ ಮನೆಗೇ ಹೋಗಬೇಕೆಂದದ್ದು ಸುಳ್ಳಾಗಿಲ್ಲ. ಅಂಥ ಮನೆಗೆ ಈಗ ಬೀದಿಯ ಕಡೆಗೊಂದು ಬಾಗಿಲು, ಬಾಗಿಲಿಗೊಂದು ಬೋರ್ಡು ಬಂದಿದೆ, ಅಷ್ಟೆ.

ಊಟದ ಕೊನೆಗೆ ಬಂದುದು ರುಬಾರ್ಬ್ ಕ್ರಂಬಲ್. ರುಬಾರ್ಬ್ ಎಂಬುದು ಹುಳಿಯಾದ ಕೆಂಪು ದಂಟು. ವೇಕ್‌ಫೀಲ್ಡಿನ ಸುತ್ತಮುತ್ತ, ಗಾಢಾಂಧಕಾರದ ಕೊಟ್ಟಿಗೆಗಳಲ್ಲಿ ಬೆಳಕು ತಾಗದಂತೆ ಬೆಳೆಸಿ, ಮೋಂಬತ್ತಿಯ ಬೆಳಕಿನಲ್ಲಿ ಕೀಳುತ್ತಾರೆ. ಹಸಿದ ಗಿಡವು ಬೆಳಕನ್ನು ಅರಸಿ ಬೇಗಬೇಗನೆ ಚಾಚಿಕೊಳ್ಳುವುದರಿಂದ ದಂಟು ಎಳಸಾಗಿರುವುದಂತೆ. ಚಳಿಗಾಲದ ಕೆಲವು ತಿಂಗಳಲ್ಲದೆ ಬೇರೆ ಕಾಲದಲ್ಲಿ ಹೀಗೆ ಕತ್ತಲೆಯಲ್ಲಿ ಬೆಳೆದ ದಂಟು ದೊರೆಯದು. ಸಕ್ಕರೆ ಹಾಕಿ ಬೇಯಿಸಿದ ದಂಟಿನ ಮೇಲೆ ಬೆಣ್ಣೆ ಹಿಟ್ಟಿನ ಉದುರುಪುಡಿ, ಅದರ ಮೇಲೆ ಬಿಸಿ ಕಸ್ಟರ್ಡು. ನಾನು ಎರಡನೆಯ ಸಲ ಕೇಳಿ ಹಾಕಿಸಿಕೊಂಡೆನೆಂಬುದನ್ನು ಮಧುಮೇಹದ ಡಾಕ್ಟರಾದ ನನ್ನ ಸೋದರಳಿಯನು ಕಂಡೂ ಕಾಣದಂತೆ ಕಿಟಕಿಯ ಹೊರಗೆ ನೋಡಿದನು.

ಅಷ್ಟರಲ್ಲಿ ಬಡಿಸುವ ಹುಡುಗಿ ಒದ್ದೆ ಬಟ್ಟೆ ಹಿಡಿದು ಬಂದು ಕರಿಹಲಗೆಯ ಮೊದಲನೆಯ ಸಾಲನ್ನು ಒರಸಿದಳು. ಸ್ವಲ್ಪ ಹೊತ್ತಿಗೆ ಎರಡನೆಯದನ್ನೂ. ಮಳೆಯಲ್ಲಿ ನೆನೆದು ಒಳಬಂದ ಗಂಡಹೆಂಡಿರಿಬ್ಬರು ಹಲಗೆಯನ್ನು ನೋಡಿ, ಒಬ್ಬರ ಮುಖವನ್ನೊಬ್ಬರು ನೋಡಿ, ಕೋಳಿಯಾದರೂ ಇದೆಯೇ ಎಂದು ಕೇಳಿದರು. ಇರಲಿಲ್ಲ. ಯಜಮಾನಿತಿ ಅವರಿಬ್ಬರಿಗೂ ಕೋಟು ಒಣಗಿಸಿಕೊಳ್ಳಲು ಹೇಳಿ ಟೀ ಕೊಟ್ಟಳು. ಒಳಗಡೆ ಅಡಿಗೆಯವನೂ ಪಾತ್ರೆಯ ಹುಡುಗನೂ ನಿಂತುಕೊಂಡೇ, ಮಿಕ್ಕ ಎರಡು ಪುಡ್ಡಿಂಗುಗಳೊಳಗೆ ಗ್ರೇವಿ ಸುರಿದುಕೊಂಡು ಉಣ್ಣುತ್ತಿದ್ದರು.

ಭಾನುವಾರ ಉಳಿದ ತಣ್ಣನೆಯ ಮಾಂಸವನ್ನು ಸೋಮವಾರಕ್ಕೆ ಹೊಂದಿಸುವುದು ಇಂಗ್ಲಿಷ್ ಗೃಹಿಣಿಯ ಇನ್ನೊಂದು ಶಾಸ್ತ್ರ. ಬಟ್ಟೆ ಒಗೆಯುವ ದಿನವಾದ ಸೋಮವಾರ ಒಲೆಯ ಮುಂದೆ ನಿಲ್ಲಲು ಪುರುಸೊತ್ತಿಲ್ಲದ ಅವಳಿಗೆ ವಿಕ್ಟೋರಿಯ ರಾಣಿಯ ಕಾಲದ ಪಾಕಪುಸ್ತಕಗಳು ಬೋಧಿಸಿದ ಉಪಾಯಗಳಲ್ಲಿ ಒಂದು, ಮಿಕ್ಕ ಮಾಂಸಕ್ಕೆ ಡಬ್ಬಿಯ ಕರಿಪುಡಿ ಹಾಕಿ ಕುದಿಸುವುದು. 1861ರಲ್ಲಿ ಗ್ರಂಥರೂಪದಲ್ಲಿ ಬಂದ ಬೀಟನ್ ಎಂಬಾಕೆಯ ಗೃಹಕೃತ್ಯದ ಪುಸ್ತಕದಲ್ಲಿ ದನದ ಮಾಂಸದ ಕರಿಯು ತಂಗಳು ಮಾಂಸದ ಅಡಿಗೆಗಳ ಸಾಲಿನಲ್ಲಿಯೇ ಕುಳಿತಿದೆ. ನಮ್ಮ ದೇಶದ ಹೆಸರನ್ನು ಹೊತ್ತ ಭಕ್ಷ್ಯವು ಅಲ್ಲಿಯ ಬಡ ಮಧ್ಯಮ ವರ್ಗದ ಮನೆಗಳನ್ನು ಹೊಕ್ಕದ್ದು ಹೀಗೆ, ಭಾನುವಾರದ ಶೇಷವಾಗಿ.

ನಮ್ಮ ಮನೆಯ ಶೇಷ ಆಲೂಗಡ್ಡೆಯಾಗಿದ್ದಿತು. ಎಣ್ಣೆಯಲ್ಲಿ ಬೆಂದವುಗಳಲ್ಲಿ ಉಳಿದಿದ್ದ ಆರೇಳನ್ನು ಸೊಸೆ ಸಂಕೋಚವಿಲ್ಲದೆ ಕೇಳಿ ಕಾಗದದ ಡಬ್ಬಿಯಲ್ಲಿ ಕಟ್ಟಿಸಿಕೊಂಡಿದ್ದಳು. ಸೋಮವಾರ ಬೆಳಗ್ಗೆ ಸೋದರಳಿಯನು ಏಳಕ್ಕೆ ಆಸ್ಪತ್ರೆಗೆ ಹೊರಡುವ ಅವಸರದಲ್ಲಿದ್ದಾಗ, ಅವಳು ಅವುಗಳನ್ನು ಕೈಯಿಂದಲೇ ಹಿಸುಕಿ, ಸಾಸಿವೆ, ಕಡಲೆಬೇಳೆ, ಇಂಗು, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಹಾಕಿದಳು. ಒಂದು ಸಲ ನೀರಿನಲ್ಲಿಯೂ ಒಂದು ಸಲ ಒಲೆಯಲ್ಲಿಯೂ ಬೆಂದಿದ್ದ ಆ ಆಲೂಗಡ್ಡೆ ಮೂರನೆಯ ಸಲ ಬಾಣಲೆಗೆ ಬಿದ್ದು ದೋಸೆಯೊಳಗಿನ ಪಲ್ಯವಾಯಿತು. ಗರಿಯಾದ ಅಂಚುಗಳು ಅಲ್ಲಲ್ಲಿ ಹಲ್ಲಿಗೆ ಸಿಕ್ಕುತ್ತಿದ್ದವು. ಕರಿಬೇವು ಲೀಡ್ಸಿನ ಅಂಗಡಿಯದು, ಸ್ವಲ್ಪ ಒಣಗಿದ್ದಿತು.